ಮುಖಪುಟದ ಕೋವಿ

ಮೀನಾ ಸಲ್ಮಾನ್ ಬಂದರು, ಬಹರೈನ್
೧೨-೩-೧೯೮೧

ಮಾವನವರಿಗೆ ಕೊರಗಪ್ಪ ಮಾಡುವ ನಮಸ್ಕಾರಗಳು.

ಮನೆಯಲ್ಲೇ ಕೋವಿಯ ತೋಟೆಗೆ ಮದ್ದು ತುಂಬಿಸಲು ನೀವು ಕೇಳಿದ್ದ ಪುಸ್ತಕವನ್ನು ಹಡಗಿನ ಪಾರ್ಸೆಲಿನಲ್ಲಿ ಕಳಿಸಿದ್ದೇನೆ. ಈ ಕಾಗದ ವಿಮಾನದಲ್ಲಿ ಬರುವುದರಿಂದ ನಿಮಗೆ ಮೊದಲು ಸಿಗುತ್ತದೆ. ದಯವಿಟ್ಟು ಆ ಪುಸ್ತಕ ನೋಡಿ ಒಂದು ಚಿಟಿಕೆ ಮದ್ದನ್ನೂ ಅಳೆಯಬೇಡಿ. ಅದು ರೈಫಲಿನ ಪುಸ್ತಕವಂತೆ, ನಿಮ್ಮದರಂಥ ಚರೆಕೋವಿಯದ್ದಲ್ಲ. ಆ ಲೆಕ್ಕದಲ್ಲಿ ತುಂಬಿಸಿದರೆ ನಿಮ್ಮ ಕೋವಿಯ ನಳಿಗೆ ಒಡೆದು ಮುಖಕ್ಕೇ ಬಡಿಯಬಹುದು. ಇಂಗ್ಲಿಷ್ ಬಾರದಿದ್ದರೂ ಅಂಕಿಗಳನ್ನು ನೀವು ಓದುತ್ತೀರಿ, ಅದೇ ನನ್ನ ಹೆದರಿಕೆ.

"ನೀನು ಆಫೀಸಿನಲ್ಲಿ ಇಂಗ್ಲಿಷಿನಲ್ಲೇ ಇರುವವ, ನೋಡಿ ಒಳ್ಳೆಯದೊಂದು ಆರಿಸು ಮಾರಾಯ" ಎಂದು ಬರೆದಿದ್ದಿರಿ. ಮನಾಮದ ಅಂಗಡಿಯಲ್ಲಿ ಅಂಥ ಮೂರು ಪುಸ್ತಕಗಳಿದ್ದವು. ಮುಖಪುಟದ ಚಿತ್ರ ನಿಮ್ಮ ಕೋವಿಯ ಹಾಗೆ ಕಂಡದ್ದನ್ನು ತೆಗೆದುಕೊಂಡೆ. ನಿನ್ನೆ ನನ್ನ ರೂಮಿನ ಅಬ್ದುಲ್ ಹಕೀಂ ಅದೇ ಅಂಗಡಿಯಲ್ಲಿ ಅದರ ಇನ್ನೊಂದು ಪ್ರತಿ ತೆರೆದು, "ಎಂಥದು ಇದು, ನೀನು ಓದಿ ನೋಡಲಿಲ್ಲವಾ?" ಎಂದು ಕೇಳಿದ.

ನಾನು ಆಫೀಸಿನಲ್ಲಿರುವುದು ಸುಳ್ಳಲ್ಲ ಮಾವ. ಅಲ್ಲಿ ಚಹಾ ಕೊಡುತ್ತೇನೆ. ಲಕೋಟೆಯ ಮೇಲಿನ ಇಂಗ್ಲಿಷ್ ವಿಳಾಸ ಹಕೀಂ ಬರೆಯುವುದು.

ಪುಸ್ತಕವನ್ನು ಉಮಾವತಿಗೆ ತೋರಿಸಬೇಡಿ ಎಂದು ಬರೆಯುವವನಿದ್ದೆ. ಆದರೆ ಇದು ಮದ್ದಿನ ವಿಷಯ. ನನ್ನ ಮಾತು ನಂಬುವುದು ಕಷ್ಟವಾದರೆ ಅವಳಿಂದಲೇ ಓದಿಸಿ. ನಿಮ್ಮ ಮಗಳು ಎಸ್ಸೆಸ್ಸೆಲ್ಸಿ ಪಾಸಾದವಳು. ಮೊದಲ ಪುಟದಲ್ಲೇ ಅವಳಿಗೆ ಎಲ್ಲ ಗೊತ್ತಾಗುತ್ತದೆ.

ನಿಮ್ಮ ಅಳಿಯ,
ಕೊರಗಪ್ಪ