ನೀವು ತೋರಿಸದೆ ಹೋದ ಮಂಡಿ

ಉಸ್ತಾದರೇ,

ನಿಮ್ಮ ನಂಜಪ್ಪನ ನಮಸ್ಕಾರ. ‘ಗರಡಿಯೋನು ಕಾಗ್ದ ಬರೀತಾ ಕುಂತವ್ನೆ ನೋಡ್ರಲಾ’ ಅಂತ ನೀವು ನಗುತ್ತಿದ್ದಿರೇನೋ. ನಗಿ. ಎದುರು ನಿಂತು ಹೇಳುವ ಮುಖ ನನಗಿಲ್ಲ.

ಶಿರಾದಲ್ಲಿ ಮಹಾರಾಜರ ವರ್ಧಂತಿಯ ಕುಸ್ತಿ ಹತ್ತಿರ ಬಂದಾಗ ನನ್ನ ಪಾದ ಉಳುಕಿತ್ತು. ಮಧುಗಿರಿಯ ಗರಡಿಯಲ್ಲಿ, ಎಲ್ಲರೆದುರು, ಅದನ್ನು ನಿಮ್ಮ ತೊಡೆಯ ಮೇಲೆ ಎಳೆದುಕೊಂಡಿರಿ. ಗುರುವಿನ ತೊಡೆಯ ಮೇಲೆ ನನ್ನ ಕಾಲೇ! ನಾಚಿಕೆಯಿಂದ ಹಿಡಿಯಷ್ಟಾಗಿ ಹಿಂದಕ್ಕೆಳೆದೆ. “ಕೊಡ್ಲಾ ಲೇ. ಉಳುಕಿಗೇನು ಗೊತ್ತು, ಗುರು ಯಾರು ಸಿಸ್ಯ ಯಾರು ಅಂತ?” ಅಂತ ಗದರಿದಿರಿ. ಊತ ಇಳಿದ ಮೇಲೆ ಹರಳೆಣ್ಣೆ ಹಚ್ಚಿ ನೀವಿದಿರಿ, ಉಪ್ಪಿನ ಗಂಟಿನ ಶಾಖ ಕೊಟ್ಟಿರಿ. ನೋವು ಹೋದರೂ ಕುಸ್ತಿಗೆ ಬಿಡಲಿಲ್ಲ. “ನೋವು ಹೋಗೈತೆ, ಬಲ ಬಂದಿಲ್ಲ” ಅಂತ ದಿನಾ ಒಂಟಿಕಾಲಲ್ಲಿ ನಿಲ್ಲಿಸಿದಿರಿ. ಆಗ ನಿಮ್ಮ ಮೇಲೆ ಎಷ್ಟು ಸಿಟ್ಟಿತ್ತು ನನಗೆ.

ನೀವು ಕಟ್ಟೆಯ ಮೇಲೆ ಸದಾ ಬಲಗಾಲು ನೀಡಿಕೊಂಡು ಕೂರುತ್ತಿದ್ದಿರಿ, ನಡೆಯುವಾಗಲೂ ಅದನ್ನು ಬೀಸಿ ಹಾಕುತ್ತಿದ್ದಿರಿ. ಉಸ್ತಾದರ ಗತ್ತು ಅದು ಅಂದುಕೊಂಡು ನಾವೂ ಹಾಗೇ ಕೂರುವುದನ್ನು ಕಲಿತೆವು. ಎಂಥ ಮುಠ್ಠಾಳರು! ಒಬ್ಬನಾದರೂ ಹತ್ತಿರ ಬಂದು...

ಚನ್ನರಾಯನದುರ್ಗದ ನಿಮ್ಮ ಮನೆಯಂಗಳದಲ್ಲಿ ನಿಮಗೆ ಕೊನೆಯ ಸ್ನಾನ ಮಾಡಿಸುವಾಗ ಪಂಚೆ ಸರಿಸಿದವನು ನಾನೇ. ಬಲಮಂಡಿ ಗಂಟುಗಟ್ಟಿ ಸೊಟ್ಟಗಾಗಿತ್ತು. ನಿಮ್ಮ ಹೆಂಡತಿ ಅಳುತ್ತಲೇ ಕೇಳಿದರು: “ಮದ್ವೆಗೆ ಮುಂಚೇನೆ ಕುಸ್ತೀಲಿ ಹೋಗಿದ್ದು ಕಣಪ್ಪಾ. ಮಡ್ಚಕ್ಕೇ ಆಗ್ತಿರ್ಲಿಲ್ಲ. ‘ಯಾರ್ಗೂ ಹೇಳ್ಬ್ಯಾಡ, ಕುಂಟ ಉಸ್ತಾದ ಅಂತ ಗೊತ್ತಾದ್ರೆ ಹುಡುಗ್ರು ಗರಡಿಗೆ ಬರಲ್ಲ’ ಅಂತಿದ್ರು. ನಿಮ್ಗೂ ಗೊತ್ತಿರ್ಲಿಲ್ವಾ?”

ಅಷ್ಟು ಜನ ಪೈಲ್ವಾನರು ತಲೆ ತಗ್ಗಿಸಿ ನಿಂತೆವು. ನಮ್ಮೆಲ್ಲರ ಕೀಲು ಸರಿಮಾಡಿದಿರಿ. ನಿಮ್ಮ ಮಂಡಿಯನ್ನು ನಾನು ಮೊದಲು ಮುಟ್ಟಿದ್ದು ಅದು ತಣ್ಣಗಾದ ಮೇಲೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಈಗ ನಿಮ್ಮ ಜಾಗದಲ್ಲಿ ನಾನಿದ್ದೇನೆ. ಮೊನ್ನೆ ಪಟ್ಟು ಹೇಳಿಕೊಡುವಾಗ ಭುಜ ಹಿಡಿದುಕೊಂಡಿತು. ಏನೂ ಆಗಿಲ್ಲವೆಂಬಂತೆ ಮೀಸೆ ತಿರುವಲು ಹೋದೆ, ಕೈ ಮೇಲೇಳಲಿಲ್ಲ. ಸರಿ, ಗರಡಿ ಮುಚ್ಚಿದರೆ ಮುಚ್ಚಲಿ ಅಂತ ಎಲ್ಲರನ್ನೂ ಕರೆದು ಮಣ್ಣಿನ ಮೇಲೆ ಬೋರಲು ಮಲಗಿದೆ. “ನೋಯ್ತೈತೆ ಕಣ್ರಲಾ, ಭುಜ ನೀವ್ರಿ” ಅಂದೆ. ಕಿವಿ ಕೆಂಡದಂತಾಗಿತ್ತು. ಹುಡುಗರು ಮುಖ ಮುಖ ನೋಡಿಕೊಂಡರು. ಆಮೇಲೆ ಒಬ್ಬ ಎಣ್ಣೆ ತಂದ.

ಮಾರನೆಯ ದಿನ ಅವರು ಗರಡಿಗೆ ಬಂದರು, ಉಸ್ತಾದರೇ. ಎಲ್ಲರೂ ಬಂದರು.