ರುಚಿ ನೋಡಿದವರ ಸಹಿ

ಜೂನ್ 24, ಸೋಮವಾರ. ಮಧ್ಯಾಹ್ನ 1:10

ರಾಯಚೂರಿನಿಂದ ಬಸ್ಸಲ್ಲಿ ನಿಂತೇ ಬಂದೆ. ಕಾಲು ಬಿದ್ದುಹೋಗಿವೆ. ಬಿಸಿಯೂಟದ ರುಚಿ ರಿಜಿಸ್ಟರಿಗೆ ಸಹಿ ಆಯಿತು. ಮಕ್ಕಳಿಗೆ ಬಡಿಸುವ ಮೊದಲು ಟೀಚರೊಬ್ಬರು ಉಂಡು ನೋಡಿ ಬರೆಯಬೇಕು. ಈ ವರ್ಷ ಹೊಸ ಫಾರ್ಮ್ಯಾಟು, ಇಂಗ್ಲಿಷಿನಲ್ಲಿ— 'ಪ್ಯಾಲಟಬಲ್: ಯೆಸ್/ನೋ'.

ಹೊಸ ಅಡುಗೆಯಾಕೆ ದುರುಗಮ್ಮ ಬಟ್ಟಲು ಕೊಟ್ಟು ಅಲ್ಲೇ ನಿಂತಳು.

"ಏನಂತ ಬರದ್ರಿ ಟೀಚರ?"

"ಪ್ಯಾಲಟಬಲ್."

"ಹಂಗಂದ್ರ?"

"ಬಾಯಿಗೆ ಹಿಡಸ್ತದ ಅಂತ."

ನಕ್ಕಳು. ಆಕೆ ಬೆನ್ನು ತಿರುಗಿಸಿದ ಮೇಲೆ ಎಂದಿನಂತೆ ಉಣ್ಣದೆಯೇ ಬಟ್ಟಲನ್ನು ಬೇವಿನ ಬುಡಕ್ಕೆ ಸುರಿದೆ. ಆಕೆ ದಲಿತರ ಕೇರಿಯವಳು, ನಾನು ಲಿಂಗ ಕಟ್ಟಿಕೊಂಡವಳು. ಜಾತಿ ನೋಡಬಾರದು ಎಂದು ಸ್ಟಾಫ್‌ರೂಮಿನಲ್ಲಿ ಭಾಷಣ ನನ್ನದೇ. ಗಂಟಲು ಮಾತ್ರ ಒಪ್ಪುವುದಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು.

ಜುಲೈ 2

ಅಡುಗೆಕೋಣೆ ಬಾಗಿಲಿಗೆ ಯಾರೋ ಸಗಣಿ ಬಳಿದಿದ್ದಾರೆ. ಆಮೇಲೆ ಕಲ್ಲು. ಒಂದು ಕಲ್ಲು ದುರುಗಮ್ಮನ ಹುಬ್ಬು ಸೀಳಿತು. ಸೆರಗಲ್ಲಿ ರಕ್ತ ಒತ್ತಿಕೊಂಡೇ ಬೇಳೆ ಕುದಿಸಿದಳು. ಎಂಬತ್ತು ಮಕ್ಕಳಲ್ಲಿ ಉಂಡವು ಹನ್ನೊಂದು, ಎಲ್ಲ ಕೇರಿಯವೇ. ಯೆಸ್ ಅಂತ ಬರೆದೆ. ಬೇವಿಗೆ ಸುರಿದೆ.

ಜುಲೈ 9, ಸಂಜೆ 5

ಬರೆಯಲೇಬೇಕು.

ಹನ್ನೆರಡೂವರೆಗೆ ಶಾಲಾ ಸಮಿತಿ ಅಧ್ಯಕ್ಷ ವಿರೂಪಣ್ಣ ಬಂದ. ಹಿಂದೆ ನಾಲ್ವರು. "ಹುಳ ಬಿದ್ದ ಅನ್ನ ಹಾಕ್ತಿಯೇನ ಬೇ?" "ಎಲ್ಲೈತಿ ಹುಳ, ತೋರಸ್ರಿ ಯಪ್ಪಾ" ಅಂದಳು ದುರುಗಮ್ಮ. ಅಷ್ಟೇ. ಸೌಟು ಕಿತ್ತುಕೊಂಡು ಬಾಯಿಗೇ ಬಾರಿಸಿದ. ಹಲ್ಲು ಅನ್ನದ ಮೇಲೆ ಬಿತ್ತು. ಕೂದಲು ಹಿಡಿದು ಕೆಡವಿದರು. ಹೊಟ್ಟೆಗೆ ಒದ್ದರು. ಕುದಿಯುವ ಸಾಂಬಾರಿನ ಪಾತ್ರೆಯನ್ನು ಆಕೆಯ ಮೇಲೇ ಉರುಳಿಸಿದರು. ಸೀರೆ ಬಿಡಿಸಲು ಹೋದೆ— ಸೀರೆಯ ಜೊತೆ ತೊಡೆಯ ಚರ್ಮವೂ ಬಂತು. ಆ ಕೂಗು...

"ದಿನಾ ನಾನ ರುಚಿ ನೋಡೀನಿ! ಅಡಗಿ ಚಲೋ ಅದ!" ಎಂದು ಕಿರುಚಿದೆ.

ವಿರೂಪಣ್ಣ ನಕ್ಕ. "ನೀವು ಬೇವಿನ ಗಿಡಕ್ಕ ಉಣಸೋದು ಊರೆಲ್ಲ ನೋಡ್ಯಾದ ಟೀಚರ. ನೀವ ಉಣ್ಣಲ್ಲ, ನಮ್ಮ ಮಕ್ಕಳ್ಯಾಕ ಉಣ್ಣಬೇಕು?"



ಜುಲೈ 11

ವಿರೂಪಣ್ಣ ಮತ್ತು ಆ ನಾಲ್ವರ ಮೇಲೆ ಅಟ್ರಾಸಿಟಿ ಕೇಸಾಗಿದೆ. ಅವರ ವಕೀಲನ ವಾದ— ಅಡುಗೆ ಕೆಟ್ಟಿತ್ತು, ಪಾಲಕರು ಸಿಟ್ಟಾದರು, ಇದರಲ್ಲಿ ಜಾತಿಯ ಮಾತೇ ಇಲ್ಲ. ಹನ್ನೊಂದು ಮಕ್ಕಳ ಮಾತು ನಡೆಯುವುದಿಲ್ಲವಂತೆ, ಆಕೆಯ ಕೇರಿಯವರಂತೆ. ಉಳಿದದ್ದು ನನ್ನ ರಿಜಿಸ್ಟರ್. 9ನೇ ತಾರೀಖಿನ ಕಾಲಂ ಖಾಲಿ, ಅವತ್ತು ನಾನು ಬರೆಯುವ ಮೊದಲೇ ಅವರು ಬಂದಿದ್ದರು.

ಹೆಡ್‌ಮಾಸ್ಟರ್ ಶಿವರಾಜ ಸರ್ ಪೆನ್ನು ಮುಂದೆ ಮಾಡಿದರು. "ನೋ ಅಂತ ಬರದುಬಿಡ್ರಿ ಮೇಡಂ. ರಿಪೋರ್ಟು ಊರಿಗೆ ಪ್ಯಾಲಟಬಲ್ ಆಗಿರಬೇಕು." ಬರೆಯಲಿಲ್ಲ. ಮನೆಗೆ ಬಂದು ಡಿಕ್ಷನರಿ ತೆಗೆದೆ. ಎರಡನೇ ಅರ್ಥವೂ ಇದೆ— ಮನಸ್ಸಿಗೆ ಒಪ್ಪುವಂಥದ್ದು. ಯಾರ ಮನಸ್ಸಿಗೆ ಅಂತ ಬರೆದಿಲ್ಲ.

ದೇವದುರ್ಗದಿಂದ ಅಣ್ಣ ಕೊಟ್ರೇಶನ ಫೋನು. "ನಮ್ಮ ಮಂದಿ ಮ್ಯಾಲ ಸಾಕ್ಷಿ ಹೇಳ್ತಿಯೇನು ಉಮಾ? ಬಾಯಿ ಮುಚ್ಕೊಂಡು ಕುಂದ್ರು."

ಜುಲೈ 23

ರಾಯಚೂರು ದೊಡ್ಡಾಸ್ಪತ್ರೆ. ಪರದೆಯೊಳಗೆ ದುರುಗಮ್ಮ. ಕೀವಿನ ವಾಸನೆ. ತಪ್ಪಾಯಿತು ಅನ್ನಲು ಬಾಯಿ ತೆರೆದೆ. ಆಕೆಯೇ ಮೊದಲು—

"ನನಗ ಗೊತ್ತಿತ್ರೀ ಟೀಚರ. ಬಟ್ಟಲಾ ತೊಳಿಯಾಕಿ ನಾನ ಅಲ್ಲೇನ್ರಿ? ಬೆರಳು ಸೈತ ಹಚ್ಚಿದ್ದಿಲ್ಲ ನೀವು."

"ಮತ್ತ ಯಾಕ ಕೇಳಲಿಲ್ಲ?"

"ಇವತ್ತಲ್ಲ ನಾಳಿ ಉಣ್ತಾರ ಅಂತ... ನಿಮ್ಮ ಬಟ್ಟಲಿಗಿ ದಿನಾ ಬ್ಯಾರೆ ಒಗ್ಗರಣಿ ಹಾಕ್ತಿದ್ನಿರೀ."

ಹೇಗೆ ಹೊರಗೆ ಬಂದೆನೋ ಗೊತ್ತಿಲ್ಲ. ಮೆಟ್ಟಿಲ ಮೇಲೆ ಕೂತು ಅತ್ತೆ.

ಜುಲೈ 24, ಬೆಳಗ್ಗೆ 11:40. ಮಾನ್ವಿ

ಪೊಲೀಸ್ ಕಚೇರಿ ಮುಂದಿನ ಬೆಂಚು. ಎದುರು ಜೀಪಿನಲ್ಲಿ ವಿರೂಪಣ್ಣನ ತಮ್ಮ. ಕತ್ತಿನ ಮೇಲೆ ಬೆರಳು ಎಳೆದು ತೋರಿಸಿದ. ತೋರಿಸಲಿ.

ರಾತ್ರಿಯಿಡೀ ಯೋಚಿಸಿದೆ. ನಿಜ ಹೇಳಿದರೆ ರಿಜಿಸ್ಟರ್ ಪೂರ್ತಿ ಸುಳ್ಳಾಗುತ್ತದೆ, ನೌಕರಿ ಹೋಗುತ್ತದೆ. ಹೋಗಲಿ. ಅಡುಗೆ ಕೆಟ್ಟಿತ್ತು ಅನ್ನುವವರು ಯಾರೂ ಅದನ್ನು ಉಂಡೇ ಇಲ್ಲ, ನನ್ನ ಹಾಗೆ. ಉಣ್ಣದೆ ಚೆಲ್ಲಿದ್ದು ಯಾಕೆ ಅಂತ ನಾನೊಬ್ಬಳು ಹೇಳಿದರೆ ಅವರ ಕಾರಣವೂ ಹೇಳಿದಂತೆ— ಜಾತಿ.

ಕರೆಯುತ್ತಿದ್ದಾರೆ. ಮೊದಲ ಪ್ರಶ್ನೆ ಅದೇ ಇರುತ್ತದೆ, ರುಚಿ ನೋಡಿದ್ರಾ? ಇಲ್ಲ ಸರ್, ಒಂದು ದಿನವೂ ಇಲ್ಲ. ಯಾಕಂದ್ರ ನಾನೂ—