ಅಪ್ಪನ ದನಿ ಕದ್ದವನಿಗೆ

ಪ್ರೇಮ,

ಎದ್ದ ಕೂಡಲೇ ಮೊಬೈಲ್ ಹಿಡಿಯಬೇಡ, ಮೊದಲು ಇದನ್ನು ಓದು.

ನಿನ್ನ ಮಿಮಿಕ್ರಿ ಸ್ಟೇಜಿನ ಮೇಲಿರಲಿ ಅಂತ ಎಷ್ಟು ಸಲ ಹೇಳಿದ್ದೆ? ಅಪ್ಪನ ದನಿಯಲ್ಲಿ, ನೀನು ಕೈಹಿಡಿಯಬೇಕಾದ ಧರಣಿಯ ತಂದೆಗೆ ಫೋನ್ ಮಾಡಿ, "ಭಾನುವಾರ ಹುಡುಗನಿಗೆ ಪ್ರೋಗ್ರಾಂ ಐತೆ, ವೀಳ್ಯಶಾಸ್ತ್ರ ಮುಂದಕ್ಕೆ ಹಾಕನ" ಅಂದೆಯಂತೆ. ಅವರು ಬೆಳಿಗ್ಗೆಯೇ ಹೂಟಗಳ್ಳಿಯಿಂದ ಬಂದು ಬಾಗಿಲಲ್ಲಿ ನಿಂತರು. ನೀನು ಒಳಗೆ ಗೊರಕೆ ಹೊಡೆಯುತ್ತಿದ್ದೆ!

"ಫೋನಲ್ಲಿ ಅಂಗಂದಿದ್ದು ನೀವೇನಾ?" ಅಂತ ಕೇಳಿದರು. ಅಪ್ಪ ಒಂದು ಗಳಿಗೆ ನನ್ನ ಮುಖ ನೋಡಿ, "ಹೂಂ ಕಣ್ರೀ, ನಾನೇ. ತಪ್ಪಾಯ್ತು" ಅಂದುಬಿಟ್ಟರು. ನಿನ್ನ ತಪ್ಪಿಗೆ ಅವರು ಕೈ ಮುಗಿದರು ಕಣೋ.

ಧರಣಿ ಅಳುತ್ತಾ ಕೂತಿದ್ದಾಳಂತೆ, ಮೊದಲು ಅವಳ ಹತ್ತಿರ ಮಾತಾಡು. ದೋಸೆ ಹಿಟ್ಟು ಫ್ರಿಜ್ಜಿನಲ್ಲಿದೆ, ನೀನೇ ಹುಯ್ದುಕೋ. ನಿನ್ನ ಸ್ನೇಹಿತ ಶಿವರಾಮು ಸ್ಪೀಕರ್ ಸಾಗಿಸಲು ಒಯ್ದ ನನ್ನ ಸ್ಕೂಟರ್ ಸಂಜೆಯೊಳಗೆ ಮನೆ ಮುಂದಿರಬೇಕು. ನಾನೀಗ ಬಸ್ಸಿಗೆ ಓಡಬೇಕು.

ಕೆಲಸಕ್ಕೆ ಹೊರಟ ಅಪ್ಪ ಚಪ್ಪಲಿ ಮೆಟ್ಟುತ್ತಾ, "ಅಷ್ಟು ಚೆನ್ನಾಗಿ ನನ್ ದನಿ ತೆಗೀತಾನೇನವ್ವ?" ಅಂತ ಕೇಳಿದರು. ಕೋಪಕ್ಕೆ ಊಟದ ಡಬ್ಬಿ ಅವರ ಕೈಗೆ ತುರುಕಿ ಕಳಿಸಿದೆ.

ಅಪ್ಪ ಆರು ಗಂಟೆಗೆ ಬರುತ್ತಾರೆ. ಅವರ ಮುಂದೆ ನಿಂತು ನಿನ್ನ ಸ್ವಂತ ದನಿಯಲ್ಲಿ ಮಾತಾಡು.

ಅಕ್ಕ